ವಾಸಿಯಾಗದ ಕ್ಯಾನ್ಸರ್: ಮನೆಯಲ್ಲಿ ಆರೈಕೆ ಹೇಗೆ?

ಪ್ರಶ್ನೆ: ಶಿರಸಿ ಸೀಮೆಯ ಸಣ್ಣ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುವ 61 ವರ್ಷದ ವ್ಯಕ್ತಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ, ಲಿವರ್‌ಗೂ ಹರಡಿದೆ. ಮೂರು ತಿಂಗಳ ಹಿಂದಿನವರೆಗೂ ಅಕ್ಕಿ ಮೂಟೆ ಎತ್ತುತ್ತಿದ್ದವರಲ್ಲಿ ಕಾಯಿಲೆ ಇಷ್ಟು ತಡವಾಗಿ ಗೊತ್ತಾದದ್ದು ಏಕೆ?

ಉತ್ತರ: ಈ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ಹೊಟ್ಟೆಯ ಆಳದಲ್ಲಿ. ಗಡ್ಡೆ ಸಣ್ಣದಿದ್ದಾಗ ಹೊಟ್ಟೆ ಒತ್ತಿ ನೋಡಿದರೂ ಕೈಗೆ ಸಿಗುವುದಿಲ್ಲ, ನೋವೂ ಇರುವುದಿಲ್ಲ. ಕಾಣಿಸುವ ಲಕ್ಷಣಗಳು ಬೇರೆ ಕಾಯಿಲೆಯ ವೇಷದಲ್ಲಿ ಬರುತ್ತವೆ. ಹಸಿವು ಕುಗ್ಗಿದರೆ ಗ್ಯಾಸ್ಟ್ರಿಕ್ ಎನ್ನುತ್ತಾರೆ, ಬೆನ್ನು ನೊಂದರೆ ಮೂಟೆ ಎತ್ತಿದ್ದೇ ಕಾರಣ ಎನ್ನುತ್ತಾರೆ. ಐವತ್ತು ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಈ ಗ್ರಂಥಿಯ ಮೇಲೂ ಅನುಮಾನ ಬರಬೇಕು. ಬರುವುದು ಅಪರೂಪ.

ಗಡ್ಡೆ ಪಿತ್ತನಾಳವನ್ನು ಒತ್ತಿದಾಗ ಕಣ್ಣು, ಮೂತ್ರ ಹಳದಿಯಾಗುತ್ತವೆ, ಮಲದ ಬಣ್ಣ ಬಿಳುಚಿಕೊಳ್ಳುತ್ತದೆ, ಮೈಯೆಲ್ಲ ತುರಿಕೆ ಹತ್ತುತ್ತದೆ. ಮಲೆನಾಡಿನಲ್ಲಿ ಕಾಮಾಲೆ ಎಂದರೆ ಮೊದಲು ನಾಟಿ ಔಷಧ, ಪಥ್ಯ. ವೈರಸ್‌ನಿಂದ ಬಂದ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ಆ ಔಷಧಕ್ಕೆ ಹೆಸರು ಬಂದಿದೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ. ತುರಿಕೆ ಮತ್ತು ಬಿಳಿ ಮಲ ಇದ್ದರೆ ಕಾಯದೆ ಸ್ಕ್ಯಾನ್ ಮಾಡಿಸಬೇಕು. ಹಾಗಿದ್ದರೂ ಪತ್ತೆಯಾಗುವ ಹೊತ್ತಿಗೆ ಹತ್ತರಲ್ಲಿ ಸುಮಾರು ಎಂಟು ಮಂದಿಯ ಕಾಯಿಲೆ ಶಸ್ತ್ರಚಿಕಿತ್ಸೆಯ ಹಂತ ದಾಟಿರುತ್ತದೆ. ಮನೆಯವರು ತಮ್ಮನ್ನು ತಾವೇ ಬೈದುಕೊಳ್ಳಬೇಕಾಗಿಲ್ಲ.

ಪ್ರಶ್ನೆ: ‘ಇನ್ನೇನೂ ಮಾಡುವುದಕ್ಕಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ್ದಾರೆ. ನಿಜವಾಗಿಯೂ ಏನೂ ಇಲ್ಲವೇ?

ಉತ್ತರ: ಆ ಮಾತು ತಪ್ಪು. ಕಾಯಿಲೆಯನ್ನು ಬೇರುಸಹಿತ ತೆಗೆಯಲಾಗದು ಎನ್ನುವುದಷ್ಟೇ ನಿಜ. ಎಂಡೋಸ್ಕೋಪಿ ಮೂಲಕ ಪಿತ್ತನಾಳದೊಳಗೆ ಸ್ಟೆಂಟ್ ಇಟ್ಟರೆ ಕಾಮಾಲೆ ಇಳಿಯುತ್ತದೆ, ರಾತ್ರಿಯಿಡೀ ಮೈ ಕೆರೆದುಕೊಳ್ಳುವುದು ತಪ್ಪುತ್ತದೆ. ಓಡಾಡುವಷ್ಟು ಶಕ್ತಿಯಿದ್ದವರಿಗೆ ಕೀಮೋಥೆರಪಿ ಕೆಲವು ತಿಂಗಳು ಕೂಡಿಸಬಲ್ಲದು. 2011ರಲ್ಲಿ ಪ್ರಕಟವಾದ ಪ್ರಮುಖ ಅಧ್ಯಯನದಲ್ಲಿ ಒಂದೇ ಔಷಧ ಪಡೆದವರ ಸರಾಸರಿ ಬದುಕು ಸುಮಾರು 7 ತಿಂಗಳು, ನಾಲ್ಕು ಔಷಧಗಳನ್ನು ಒಟ್ಟಿಗೆ ಪಡೆದವರದು ಸುಮಾರು 11 ತಿಂಗಳು. ಆ ನಾಲ್ಕು ಔಷಧಗಳ ಚಿಕಿತ್ಸೆ ಮೈಯನ್ನು ಹಣ್ಣು ಮಾಡುತ್ತದೆ. ತೂಕ ಇಳಿದು, ದಿನದ ಬಹುಪಾಲು ಮಲಗಿಯೇ ಇರುವವರಿಗೆ ಹೊಂದದು. ಚಿಕಿತ್ಸೆಗೆಂದು ಹೋಗಬೇಕಾದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್, ಬೆಂಗಳೂರಿಗೆ ನಾನೂರು. ಈ ಓಡಾಟ ಎಷ್ಟು ದಿನ ನುಂಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ತೀರ್ಮಾನಿಸಬೇಕು. ಕೀಮೋ ಬೇಡ ಎಂದು ನಿರ್ಧರಿಸಿದವರು ಚಿಕಿತ್ಸೆಯನ್ನೇ ಬಿಟ್ಟಂತಲ್ಲ. ಅವರಿಗೆ ಬೇಕಾದದ್ದು ಉಪಶಾಮಕ ಆರೈಕೆ, ಅಂದರೆ ನೋವು, ವಾಂತಿ, ತುರಿಕೆ, ನಿದ್ದೆಗೇಡು, ಭಯ ಇವನ್ನೇ ಗುರಿಯಾಗಿಟ್ಟುಕೊಂಡ ವೈದ್ಯಕೀಯ.

ಪ್ರಶ್ನೆ: ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಆರಾಮಿದ್ದೇನೆ’ ಎಂದೇ ಅನ್ನುತ್ತಾರೆ. ಮಾರ್ಫಿನ್ ಕೊಡಬಹುದೇ?

ಉತ್ತರ: ಕೂಲಿಯಿಲ್ಲದ ಮಳೆಗಾಲದಲ್ಲಿ ಊರಿಗೆಲ್ಲ ಅಕ್ಕಿ, ಬೆಲ್ಲ ಉದ್ದರಿ ಕೊಟ್ಟು, ಕೇಳಲು ನಾಚಿಕೊಂಡು ಬಂದ ಮನುಷ್ಯ ತನ್ನ ನೋವನ್ನೂ ಹಾಗೆಯೇ ಮುಚ್ಚಿಡುತ್ತಾನೆ. ಕೊಟ್ಟು ರೂಢಿಯಾದವರಿಗೆ ಕೇಳುವುದು ಕಷ್ಟ. ಆದ್ದರಿಂದ ಮಾತಿಗಿಂತ ಮೈಯನ್ನು ನೋಡಬೇಕು. ಈ ಗ್ರಂಥಿಯ ನೋವು ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹಾಯುತ್ತದೆ, ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿದರೆ ಕೊಂಚ ಇಳಿಯುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಗೆ ಎದೆಯಾನಿಸಿ, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಿದ್ದರೆ, ಯಾರಾದರೂ ಬಂದೊಡನೆ ನೆಟ್ಟಗಾಗಿ ತಕ್ಕಡಿ ಹಿಡಿದರೆ, ಅದು ಆರಾಮಲ್ಲ. ರಾತ್ರಿ ಗೋಡೆಗೊರಗಿ ಕೂತೇ ಬೆಳಗು ಮಾಡುವವರ ನೋವು ತೀವ್ರವಾಗಿದೆ ಎಂದೇ ತಿಳಿಯಬೇಕು.

ಮಾರ್ಫಿನ್ ಕೊಡಬಹುದು, ಕೊಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾದ ಕ್ರಮ ಹೇಳಿಕೊಟ್ಟಿತು. ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ತೀವ್ರ ನೋವಿಗೆ ಮಾರ್ಫಿನ್. ಬಾಯಿಂದ ನುಂಗುವ ಸಾದಾ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬಂದ ಮೇಲೆ ಅಲ್ಲ. ನೋವು ಹೊತ್ತಿಕೊಂಡ ಮೇಲೆ ಆರಿಸಲು ಹೆಚ್ಚು ಔಷಧ ಬೇಕು. ರಾತ್ರಿ ಎಬ್ಬಿಸುವುದು ತಪ್ಪಲಿ ಎಂದು ಮಲಗುವ ಮುಂಚಿನ ಪ್ರಮಾಣವನ್ನು ವೈದ್ಯರು ಸಾಮಾನ್ಯವಾಗಿ ಇಮ್ಮಡಿ ಮಾಡುತ್ತಾರೆ. ನಡುವೆ ನೋವು ಚಿಮ್ಮಿದರೆ ಕೊಡಲು ಬೇರೆ ಮಾತ್ರೆ ಬರೆದುಕೊಟ್ಟಿರುತ್ತಾರೆ.

ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ಹೋಗುತ್ತವೆ. ಹೋಗದಿರುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಜೊತೆಗಿರಬೇಕು. ಇದನ್ನು ಮರೆತದ್ದರಿಂದಲೇ ಎಷ್ಟೋ ಮನೆಗಳಲ್ಲಿ ಮಾರ್ಫಿನ್ ನಿಂತುಹೋಗಿದೆ. ಚಟ ಹತ್ತೀತು, ಸಾವು ಬೇಗ ಬಂದೀತು ಎಂಬ ಹೆದರಿಕೆ ಬೇಡ. ನೋವಿಗೆ ತಕ್ಕಂತೆ ಅಳೆದು ಏರಿಸಿದ ಮಾರ್ಫಿನ್‌ನಿಂದ ಅವೆರಡೂ ತೀರಾ ಅಪರೂಪ. ಎಬ್ಬಿಸಿದರೂ ಏಳದಷ್ಟು ಮಂಪರು ಅಥವಾ ಉಸಿರಾಟ ತೀರಾ ನಿಧಾನವಾದರೆ ಮಾತ್ರ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮಾರ್ಫಿನ್‌ಗೂ ಬಗ್ಗದ ನೋವಿಗೆ ಆ ಭಾಗದ ನರಗಂಟಿಗೆ ಆಲ್ಕೊಹಾಲ್ ಚುಚ್ಚಿ ನೋವಿನ ದಾರಿಯನ್ನೇ ಕಡಿಯುವ ವಿಧಾನವಿದೆ. ಈ ಕ್ಯಾನ್ಸರ್‌ನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಅಂಗಡಿಯವರಿಗೆ ಲೆಕ್ಕ ಬರೆಯುವುದು ಅಂಗೈ ರೇಖೆಯಷ್ಟು ಪರಿಚಿತ. ಉದ್ದರಿ ಪುಸ್ತಕದಂಥದ್ದೇ ಇನ್ನೊಂದು ಪುಸ್ತಕ ಕೈಗಿತ್ತು, ಗಂಟೆ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ನುಂಗಿದ ಮಾತ್ರೆ ಎಂದು ಮೂರು ಸಾಲು ಎಳೆದುಕೊಟ್ಟರೆ ಸಾಕು. ‘ನೋವಿದೆ’ ಎಂದು ಹೇಳಲು ಹಿಂಜರಿಯುವವರು ‘ಬೆಳಗಿನ ಜಾವ 4, ನೋವು 8’ ಎಂದು ಬರೆಯಲು ಹಿಂಜರಿಯುವುದಿಲ್ಲ.

ಪ್ರಶ್ನೆ: ಮಾರ್ಫಿನ್ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿಲ್ಲ.

ಉತ್ತರ: 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳೂ ಇದನ್ನು ಇಡಲು ಹೆದರುತ್ತಿದ್ದವು. ಸರ್ಕಾರದ ಪರವಾನಗಿಯಲ್ಲಿ ಗಸಗಸೆ ಬೆಳೆದು ಅಫೀಮು ಹೊರದೇಶಕ್ಕೆ ಕಳಿಸುವ ನಾಡಿನಲ್ಲಿ ಇಲ್ಲಿಯದೇ ರೋಗಿಗಳು ನರಳಿ ಸತ್ತದ್ದು ದೊಡ್ಡ ಅನ್ಯಾಯ. 2014ರ ತಿದ್ದುಪಡಿಯಿಂದ ನಿಯಮ ಸಡಿಲವಾಯಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕ್ಯಾನ್ಸರ್ ಕೇಂದ್ರಗಳಲ್ಲಿ ನೋವು ನಿವಾರಣೆಗೆಂದೇ ವಿಭಾಗವಿದೆ. ಒಮ್ಮೆ ಪ್ರಮಾಣ ಗೊತ್ತಾದರೆ ರೋಗಿಯೇ ಪ್ರತಿಸಲ ಹೋಗಬೇಕಾಗಿಲ್ಲ. ಚೀಟಿ, ನೋವಿನ ಪುಸ್ತಕ ಹಿಡಿದು ಮನೆಯವರು ಹೋಗಬಹುದೇ ಎಂದು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬೇಕು. ಮನೆಯಲ್ಲಿ ನೋಡಿಕೊಳ್ಳಲು ಆಗದೇ ಹೋದರೆ ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥವರನ್ನು ಉಚಿತವಾಗಿ ಇರಿಸಿಕೊಂಡು ಆರೈಕೆ ಮಾಡುತ್ತಿದೆ.

ಪ್ರಶ್ನೆ: ಕಾಯಿಲೆಯ ನಿಜ ಅವರಿಗೆ ಹೇಳಬೇಕೇ? ಹೇಳಿದರೆ ಕುಸಿದುಬಿಡುತ್ತಾರೆ ಎಂದು ಮನೆಯವರ ಭಯ.

ಉತ್ತರ: ಬಹುತೇಕ ರೋಗಿಗಳಿಗೆ ಮನೆಯವರು ಹೇಳುವ ಮುಂಚೆಯೇ ಗೊತ್ತಾಗಿರುತ್ತದೆ. ಅಂಗಿಯ ತೋಳು ಜೋತಾಡುವುದು, ಒಳಕೋಣೆಯ ಪಿಸುಮಾತು, ಹೆಚ್ಚು ಹೆಚ್ಚು ಬರುವ ನೆಂಟರು ಎಲ್ಲವೂ ಸುದ್ದಿ ಹೇಳುತ್ತವೆ. ಅವರೂ ಮನೆಯವರಿಗೆ ನೋವಾಗದಿರಲೆಂದು ಗೊತ್ತಿಲ್ಲದವರಂತೆ ನಟಿಸುತ್ತಾರೆ. ಒಂದೇ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರೇ ಆಗಿಹೋಗುತ್ತಾರೆ.

ರೋಗಿ ನೇರವಾಗಿ ಕೇಳುವುದು ಕಡಿಮೆ. ‘ಅಡಿಕೆ ಸುಗ್ಗಿಯ ಹೊತ್ತಿಗೆ ನಾನು ಕೂರ್ತೀನೋ ಇಲ್ವೋ?’ ಎಂಬಂಥ ಪ್ರಶ್ನೆ ಕೇಳಬಹುದು. ಅಡಿಕೆ ದುಡ್ಡು ಬಂದಾಗ ಉದ್ದರಿ ತೀರುವ ಊರಿನಲ್ಲಿ ಅದು ಬರೀ ವ್ಯಾಪಾರದ ಮಾತಲ್ಲ. ‘ಛೆ, ಹಾಗೆಲ್ಲ ಅನ್ನಬೇಡಿ’ ಎಂದು ಬಾಯಿ ಮುಚ್ಚಿಸಬಾರದು. ‘ಏಕೆ ಹಾಗನ್ನಿಸಿತು?’ ಎಂದು ಕೇಳಿ, ಸುಮ್ಮನೆ ಕೂತರೆ ಮುಂದಿನ ಮಾತು ಅವರೇ ಎತ್ತುತ್ತಾರೆ. ಎಷ್ಟು ತಿಳಿಯಬೇಕು ಎಂಬುದು ಅವರ ಇಷ್ಟ. ತಿಂಗಳ ಲೆಕ್ಕ ಹೇಳುವ ಅಗತ್ಯವಿಲ್ಲ. ‘ವರ್ಷಗಳ ಮಾತಲ್ಲ, ತಿಂಗಳುಗಳ ಮಾತು ಅನ್ನಿಸುತ್ತದೆ, ನೋವಾಗದಂತೆ ನೋಡಿಕೊಳ್ಳುತ್ತೇವೆ’ ಎನ್ನುವುದು ನಿಜವೂ ಹೌದು, ಆಸರೆಯೂ ಹೌದು.

ಪ್ರಶ್ನೆ: ಊಟ ಸೇರುತ್ತಿಲ್ಲ. ಅಂಗಡಿಗೆ ಹೋಗುತ್ತೇನೆ ಎಂದು ಹಟ. ಬಿಡಬಹುದೇ?

ಉತ್ತರ: ಗ್ರಂಥಿಯ ಜೀರ್ಣರಸ ಕಡಿಮೆಯಾಗಿ ಕೊಬ್ಬು ಅರಗದೆ ಜಿಡ್ಡು ಜಿಡ್ಡಾಗಿ ಭೇದಿಯಾಗುತ್ತಿದ್ದರೆ, ಆ ರಸದ ಕ್ಯಾಪ್ಸೂಲ್‌ಗಳನ್ನು ಊಟದ ಜೊತೆಯಲ್ಲೇ ನುಂಗಬೇಕು. ಗಂಜಿ, ಮಜ್ಜಿಗೆ, ರವೆ ಪಾಯಸ ಯಾವುದು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದು. ಒತ್ತಾಯದಿಂದ ತಿನ್ನಿಸಿದರೆ ಶಕ್ತಿ ಬರುವುದಿಲ್ಲ, ವಾಂತಿ ಬರುತ್ತದೆ. ಕ್ಯಾನ್ಸರ್‌ನಲ್ಲಿ ಮೈ ಕರಗುವುದು ಊಟ ಕಡಿಮೆಯಾದದ್ದರಿಂದ ಮಾತ್ರವಲ್ಲ.

ಅಂಗಡಿಗೆ ಬಿಡಬೇಕು. ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ, ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ, ತೂಕ ಮಾಡಲು ಇನ್ನೊಬ್ಬರಿರಲಿ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಕಟ್ಟಿದ ಡಾ. ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ಬದುಕಿನ ಅರ್ಥದ್ದು ಎಲ್ಲ ಸೇರಿದ್ದು ಎಂದು ತೋರಿಸಿಕೊಟ್ಟರು. ಉದ್ದರಿ ಪುಸ್ತಕವನ್ನು ಏನು ಮಾಡುವುದು ಎಂಬ ಚಿಂತೆ ಮಾರ್ಫಿನ್‌ಗೆ ಇಳಿಯುವುದಲ್ಲ. ಮಗ ಅಥವಾ ಹೆಂಡತಿ ಪಕ್ಕದಲ್ಲಿ ಕೂತು ಹಾಳೆ ಹಾಳೆ ತಿರುಗಿಸಿ, ಯಾವುದು ವಸೂಲಾಗಬೇಕು, ಯಾವುದಕ್ಕೆ ಅಡ್ಡಗೆರೆ ಎಳೆಯಬೇಕು ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿಯೂ ಅದರಲ್ಲಿ ಸೇರಲಿ. ಉಯಿಲನ್ನು ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಪ್ರಜ್ಞೆ ಸ್ಪಷ್ಟವಾಗಿರುವಾಗ ಇದು ಮುಗಿಯಬೇಕು.

ಉಂಡ ಋಣಕ್ಕೆಂದು ಊರಿನವರು ದಿನವಿಡೀ ನೋಡಲು ಬರುತ್ತಾರೆ. ಅವರ ಪ್ರೀತಿ ದೊಡ್ಡದು, ರೋಗಿಯ ದಣಿವೂ ದೊಡ್ಡದು. ಸಂಜೆ ಒಂದು ತಾಸು ಎಂದು ಹೊತ್ತು ಗೊತ್ತುಮಾಡುವುದು ಒಳ್ಳೆಯದು. ಏನಾದರೂ ಮಾಡಬೇಕೆಂದು ಕೇಳುವವರಿಗೆ ಹುಬ್ಬಳ್ಳಿಗೆ ಹೋಗಿ ಔಷಧ ತರುವುದನ್ನೋ, ರಾತ್ರಿ ಒಂದು ಪಾಳಿ ಎಚ್ಚರವಿರುವುದನ್ನೋ ಒಪ್ಪಿಸಬಹುದು.

ಪ್ರಶ್ನೆ: ಕೊನೆಯಲ್ಲಿ ಐಸಿಯು, ವೆಂಟಿಲೇಟರ್ ಬೇಡ ಎಂದಿದ್ದಾರೆ. ಅದಕ್ಕೆ ಕಾನೂನಿನ ಬೆಲೆ ಇದೆಯೇ?

ಉತ್ತರ: ಇದೆ. ಈ ಪ್ರಶ್ನೆ ದೇಶದ ಮುಂದೆ ಬಂದದ್ದೇ ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋದ ಅರುಣಾ ಶಾನಭಾಗ ಅವರಿಂದ. 1973ರ ಹಲ್ಲೆಯ ಬಳಿಕ 2015ರವರೆಗೆ ಅವರು ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಲ್ಲಿ 2011ರಲ್ಲಿ, ಮತ್ತೆ ಬೇರೊಂದು ಪ್ರಕರಣದ 2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆಯಿತು. ಬೇಡವಾದ ಚಿಕಿತ್ಸೆಯನ್ನು ಮುಂಚಿತವಾಗಿ ಬರೆದಿಡಬಹುದು. 2023ರ ಬದಲಾವಣೆಯಂತೆ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ.

ಪ್ರಶ್ನೆ: ಮನೆಯಲ್ಲೇ ಕೊನೆಯುಸಿರೆಳೆದರೆ?

ಉತ್ತರ: ಕೊನೆಯ ದಿನಗಳಲ್ಲಿ ನಿದ್ದೆ ಹೆಚ್ಚುತ್ತದೆ, ಹಸಿವು ಬಾಯಾರಿಕೆ ನಿಲ್ಲುತ್ತವೆ, ಕೈಕಾಲು ತಣ್ಣಗಾಗುತ್ತವೆ. ಗಂಟಲಲ್ಲಿ ಗೊರಗೊರ ಸದ್ದು ಬರುವುದು ನುಂಗಲಾಗದ ಎಂಜಲಿನಿಂದ. ಅದು ಕೇಳುವವರಿಗೆ ಹಿಂಸೆ, ರೋಗಿಗೆ ಬಹುಶಃ ಅಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ನೀರು ಸುರಿಯದೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಬೇಕು. ನುಂಗಲಾಗದಿದ್ದರೂ ನೋವಿನ ಔಷಧ ನಿಲ್ಲಬಾರದು. ಚರ್ಮದಡಿಯ ಚುಚ್ಚುಮದ್ದಿನಂಥ ದಾರಿಗಳ ಬಗ್ಗೆ ವೈದ್ಯರ ಜೊತೆ ಮೊದಲೇ ಮಾತಾಡಿಟ್ಟಿರಬೇಕು. ಮಾತು ನಿಂತ ಮೇಲೂ ಕೇಳಿಸುತ್ತಿರಬಹುದು, ಆದ್ದರಿಂದ ಹೆಸರು ಹಿಡಿದು ಮಾತಾಡಿಸುತ್ತಿರಬೇಕು.

ತೀರಿಕೊಂಡ ಮೇಲೆ, ನೋಡಿಕೊಳ್ಳುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಫಾರಂ 4ಎ ಪಡೆದು 21 ದಿನಗಳೊಳಗೆ ನೋಂದಾಯಿಸಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ನೋವಿನ ಪುಸ್ತಕದಲ್ಲಿ ಸಂಖ್ಯೆ ಬರೆದು, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಬೇಕು.