ಬೇಟೆಯ ಲೈಸೆನ್ಸೂ ಮೀನಿನ ಪರವಾನಗಿಯೂ
(ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ)

ರಾಗಿಯು ತೆನೆಗಟ್ಟುವ ಕಾಲದಲ್ಲಿ ಕಾಡಂಚಿನ ಗ್ರಾಮಗಳಿಗೆ ಹೋದಾಗಲೆಲ್ಲ ರೈತರು ನನ್ನನ್ನು ಕೇಳುವ ಪ್ರಶ್ನೆ ಒಂದೇ. “ಸ್ವಾಮಿ, ಹಂದಿಯ ಕಾಟ ತಡೆಯಲಾಗುತ್ತಿಲ್ಲ. ಎಷ್ಟು ಫೀಜು ಕಟ್ಟಿದರೆ ಬೇಟೆಗೆ ಲೈಸೆನ್ಸು ಸಿಕ್ಕುತ್ತದೆ? ಅದನ್ನು ಎಲ್ಲಿ ಕಟ್ಟಬೇಕು?”

ಈ ಪ್ರಶ್ನೆಯನ್ನು ಕೇಳುವವರಲ್ಲಿ ತಪ್ಪಿಲ್ಲ. ಅವರ ಅಜ್ಜಂದಿರ ಕಾಲದಲ್ಲಿ ಇಂಥ ಫೀಜು ಇದ್ದೇ ಇತ್ತು. ಆದರೆ ಇಂದಿನ ಉತ್ತರವು ಬೇರೆ. ವಿನೋದಕ್ಕಾಗಿ ಬೇಟೆಯಾಡಲು ನಮ್ಮ ದೇಶದಲ್ಲಿ ಈಗ ಯಾವ ಫೀಜೂ ಇಲ್ಲ. ಫೀಜು ಇಲ್ಲವೆಂದರೆ ಬಿಟ್ಟಿಯಾಗಿ ಆಡಬಹುದೆಂದು ಅರ್ಥವಲ್ಲ. ಎಷ್ಟು ಹಣ ಕೊಟ್ಟರೂ ಅಪ್ಪಣೆಯು ದೊರೆಯುವುದಿಲ್ಲವೆಂದು ಅರ್ಥ. ಈಗ ಉಳಿದಿರುವುದು ಬೆಳೆಯನ್ನೂ ಪ್ರಾಣವನ್ನೂ ಕಾಪಾಡಿಕೊಳ್ಳುವುದಕ್ಕಾಗಿ ಕೊಡುವ ಲಿಖಿತ ಅಪ್ಪಣೆ ಮಾತ್ರ. ಈ ಭೇದವನ್ನು ತಿಳಿಯದೆ ಎಷ್ಟೋ ಮಂದಿ ಮರ್ಯಾದಸ್ಥರಾದ ರೈತರು ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಅದನ್ನು ಸ್ಪಷ್ಟಪಡಿಸುವುದೇ ಈ ಚಿಕ್ಕ ಪತ್ರದ ಉದ್ದೇಶ.

1. ಹಿಂದಿನ ಪದ್ಧತಿ

ಮೈಸೂರು ಸಂಸ್ಥಾನದಲ್ಲಿ 1901ನೇ ಇಸವಿಯಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಸಂರಕ್ಷಿಸುವ ರೆಗ್ಯುಲೇಷನ್ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ಧಾರವಾಡ, ಬಳ್ಳಾರಿ, ದಕ್ಷಿಣ ಕನ್ನಡ ಮುಂತಾದ ಪ್ರಾಂತ್ಯಗಳಿಗೆ 1912ರ ಕಾಡುಹಕ್ಕಿ ಮತ್ತು ಕಾಡುಪ್ರಾಣಿಗಳ ರಕ್ಷಣೆಯ ಆಕ್ಟು ಅನ್ವಯವಾಗುತ್ತಿತ್ತು. ಈ ಎರಡು ಕಡೆಗಳಲ್ಲಿಯೂ ಸರ್ಕಾರದ ಭಾವನೆಯು ಹೆಚ್ಚು ಕಡಿಮೆ ಒಂದೇ ಆಗಿತ್ತು. ಮರಿ ಹಾಕುವ, ಮೊಟ್ಟೆಯಿಡುವ ಕಾಲದಲ್ಲಿ ಬೇಟೆಯನ್ನು ನಿಲ್ಲಿಸಿ, ಉಳಿದ ಕಾಲದಲ್ಲಿ ಷೋಕಿಗಾಗಿ ಬರುವವರನ್ನು ಲೈಸೆನ್ಸಿನ ಕಟ್ಟುಪಾಡಿಗೆ ಒಳಪಡಿಸಿದರೆ ಪ್ರಾಣಿಗಳು ಉಳಿಯುತ್ತವೆಂದು ನಂಬಿದ್ದರು.

ಇಲ್ಲಿ ಜಮೀನುದಾರರು ಗಮನಿಸತಕ್ಕ ಅಂಶವೊಂದುಂಟು. ತನ್ನ ಸ್ವತ್ತನ್ನು ಕಾಪಾಡಿಕೊಳ್ಳಲು ಒಬ್ಬನು ಪ್ರಾಮಾಣಿಕವಾಗಿ ಕಾಡುಪ್ರಾಣಿಯನ್ನು ಕೊಂದರೆ 1912ರ ಆಕ್ಟು ಅವನಿಗೆ ಅನ್ವಯಿಸುತ್ತಿರಲಿಲ್ಲ. ಅಂದರೆ ಆಗ ಷೋಕಿಯವನಿಗೆ ಕಟ್ಟುಪಾಡು, ಹೊಲ ಕಾಯುವವನಿಗೆ ವಿನಾಯಿತಿ. “ನಮ್ಮ ತಾತ ಹೊಡೆಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ” ಎಂದು ರೈತರು ಹೇಳುವ ಮಾತಿಗೆ ಇದೇ ಮೂಲ.

ಆ ನಂಬಿಕೆಯು ಫಲಿಸಲಿಲ್ಲ. ಕೋವಿಗಳೂ ಮೋಟಾರು ಗಾಡಿಗಳೂ ಹೆಚ್ಚಿದವು, ಕಾಡು ಕಿರಿದಾಯಿತು. ಚೀತಾ ಎಂಬ ಪ್ರಾಣಿಯು ಭಾರತದಲ್ಲಿ ನಾಶವಾಯಿತೆಂದು 1952ರಲ್ಲಿ ಸಾರಬೇಕಾಯಿತು. 1972ರಲ್ಲಿ ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾನೂನು ಬಂದಿತು. ಆ ಕಾನೂನಿನಲ್ಲಿಯೂ ಮೊದಲು ದೊಡ್ಡ ಬೇಟೆ, ಸಣ್ಣ ಬೇಟೆ ಮುಂತಾಗಿ ನಾಲ್ಕು ಬಗೆಯ ಲೈಸೆನ್ಸುಗಳಿಗೆ ಅವಕಾಶವಿದ್ದಿತು. 1991ರ ತಿದ್ದುಪಡಿಯು ಅವೆಲ್ಲವನ್ನೂ ತೆಗೆದುಹಾಕಿತು. ಅಂದಿನಿಂದ ಬೇಟೆಯ ಲೈಸೆನ್ಸು ಎಂಬ ಕಾಗದವೇ ಇಲ್ಲ. ಯಾರಾದರೂ ಅಂಥ ಕಾಗದವನ್ನು ತೋರಿಸಿ ನಿಮ್ಮ ಹೊಲದಲ್ಲಿ ಬೇಟೆಗೆ ಬಂದರೆ, ಅದು ಹಳೆಯದಾಗಿರಬೇಕು ಇಲ್ಲವೇ ಸುಳ್ಳಾಗಿರಬೇಕು.

2. ಬೇಟೆಯೆಂದರೆ ಯಾವುದು?

ಕೋವಿಯಿಂದ ಹೊಡೆದರೆ ಮಾತ್ರ ಬೇಟೆಯೆಂದು ಹಲವರ ತಿಳಿವಳಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಪಟ್ಟಿಯಲ್ಲಿರುವ ಕಾಡುಪ್ರಾಣಿಯನ್ನು ಕೊಲ್ಲುವುದು, ವಿಷವಿಡುವುದು, ಹಿಡಿಯುವುದು, ಉರುಳು ಅಥವಾ ಬೋನು ಒಡ್ಡುವುದು, ಕೊಲ್ಲಲು ಅಟ್ಟುವುದು, ಆಮಿಷವಿಡುವುದು ಇವೆಲ್ಲವೂ ಬೇಟೆಯೇ. ಹೀಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ. ಕಾಡುಹಕ್ಕಿಗಳ ಮೊಟ್ಟೆಯನ್ನು ಕೆಡಿಸಿದರೂ ಗೂಡನ್ನು ಕದಲಿಸಿದರೂ ಅದೇ ಅಪರಾಧವಾಗುತ್ತದೆ. ಆದಕಾರಣ ಮೊಲಕ್ಕೆ ಒಡ್ಡಿದ ಬಲೆಯೂ ಹಂದಿಗೆ ಕಟ್ಟಿದ ಉರುಳೂ ಕೋವಿಯಷ್ಟೇ ತಪ್ಪೆಂದು ತಿಳಿಯತಕ್ಕದ್ದು.

ಶಿಕ್ಷೆಯು ಅಲ್ಪವಾದುದಲ್ಲ. 2022ರ ತಿದ್ದುಪಡಿಯ ಮೇರೆಗೆ ಸಾಮಾನ್ಯ ಅಪರಾಧಗಳಿಗೆ 3 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಆನೆ, ಚಿರತೆ, ಕರಡಿ, ನವಿಲು ಮೊದಲಾದ ಒಂದನೆಯ ಪಟ್ಟಿಯ ಪ್ರಾಣಿಯಾದರೆ 3 ವರ್ಷಗಳಿಗೆ ಕಡಿಮೆಯಿಲ್ಲದೆ 7 ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆಯೂ ಉಂಟು. ಅಪರಾಧಕ್ಕೆ ಬಳಸಿದ ಕೋವಿಯ ಲೈಸೆನ್ಸು ರದ್ದಾಗಿ, 5 ವರ್ಷಗಳವರೆಗೆ ಅವನಿಗೆ ಮತ್ತೊಂದು ಲೈಸೆನ್ಸು ಸಿಕ್ಕುವುದಿಲ್ಲ.

3. ಬೆಳೆಯ ರಕ್ಷಣೆಗೆ ಅಪ್ಪಣೆ

ಹಾಗಾದರೆ ರೈತನು ಕೈಕಟ್ಟಿ ಕೂತು, ವರ್ಷದ ಅನ್ನವು ಒಂದು ರಾತ್ರಿಯಲ್ಲಿ ಮಣ್ಣುಪಾಲಾಗುವುದನ್ನು ನೋಡಬೇಕೇ? ಹಾಗಲ್ಲ. ಕಾನೂನಿನ 11ನೇ ಪ್ರಕರಣವು ಇದಕ್ಕೆ ದಾರಿಯನ್ನು ತೋರಿಸಿದೆ.

ಕಾಡುಹಂದಿಯು ಎರಡನೆಯ ಪಟ್ಟಿಯಲ್ಲಿದೆ. ಈ ಪಟ್ಟಿಯ ಪ್ರಾಣಿಯು ಮನುಷ್ಯನ ಪ್ರಾಣಕ್ಕಾಗಲಿ, ನಿಂತ ಬೆಳೆಯೂ ಸೇರಿದಂತೆ ಅವನ ಸ್ವತ್ತಿಗಾಗಲಿ ಅಪಾಯಕರವಾಗಿದೆಯೆಂದು ಮನದಟ್ಟಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳು ಕಾರಣಗಳನ್ನು ಬರೆದು ಅಪ್ಪಣೆ ಕೊಡಬಹುದು. ಒಂದನೆಯ ಪಟ್ಟಿಯ ಪ್ರಾಣಿಗೆ ಈ ಸೌಲಭ್ಯವು ಇಲ್ಲ. ಅದು ಮನುಷ್ಯರ ಪ್ರಾಣಕ್ಕೆ ಅಪಾಯಕರವಾಗಿರಬೇಕು, ಇಲ್ಲವೇ ಗುಣವಾಗದಷ್ಟು ಗಾಯ ಅಥವಾ ರೋಗಕ್ಕೆ ತುತ್ತಾಗಿರಬೇಕು. ಆಗಲೂ ಹಿಡಿಯಲು ಅಥವಾ ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲದಿದ್ದರೆ ಮಾತ್ರ ಕೊಲ್ಲುವ ಅಪ್ಪಣೆಯಾಗುತ್ತದೆ. ಆನೆಯು ಕಬ್ಬನ್ನು ತುಳಿಯಿತೆಂಬ ಕಾರಣಕ್ಕೆ ಆನೆಯನ್ನು ಹೊಡೆಯುವ ಅಪ್ಪಣೆಯು ಯಾರಿಗೂ ಸಿಕ್ಕದು.

ಅಪ್ಪಣೆಯು ಕೈಗೆ ಬರುವ ಮುನ್ನ ಹೊಡೆದು, ಆಮೇಲೆ ಅರ್ಜಿ ಬರೆದರೆ ಪ್ರಯೋಜನವಿಲ್ಲ. ಒಂದು ಸಂದರ್ಭವು ಮಾತ್ರ ಬೇರೆ. ಪ್ರಾಣಿಯು ಮೈಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಪ್ರಾಣವನ್ನು ಉಳಿಸಲು ಅದನ್ನು ಕೊಂದರೆ ಅಪರಾಧವಲ್ಲ. ಆದರೆ ಕಳ್ಳಬೇಟೆಗೆ ಹೋದವನು ಈ ನೆಪವನ್ನು ಹೇಳುವಂತಿಲ್ಲ. ಹಾಗೆ ಸತ್ತ ಪ್ರಾಣಿಯು ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಹಂಚಿಕೊಂಡರೆ ನಿರಪರಾಧಿಯೂ ಅಪರಾಧಿಯಾಗುತ್ತಾನೆ.

ಹಿಂದೆ ಹೊಲ ಕಾಯುವವನಿಗಿದ್ದ ವಿನಾಯಿತಿಯು ಈಗ ಅರ್ಜಿಯಾಗಿ ಮಾರ್ಪಟ್ಟಿದೆ. ಇದು ರೈತನಿಗೆ ಹೊರೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಹಂದಿಯು ಅರ್ಜಿಯ ವಿಲೇವಾರಿಗಾಗಿ ಕಾಯುವುದಿಲ್ಲ. ಆದಕಾರಣ ಬೆಳೆಯು ಹಾಳಾದ ಮೇಲೆ ಓಡಾಡುವುದಕ್ಕಿಂತ, ಪ್ರತಿವರ್ಷ ಕಾಟವಿರುವ ಗ್ರಾಮದವರು ಬಿತ್ತನೆಯ ಕಾಲದಲ್ಲಿಯೇ ಒಟ್ಟಾಗಿ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಟ್ಟು, ಅದರ ಸ್ವೀಕೃತಿಯನ್ನು ಪಡೆಯುವುದು ಮೇಲು. ಒಬ್ಬನ ಗೋಳು ಕಡತದಲ್ಲಿ ಮರೆಯಾಗಬಹುದು. ಊರಿನ ಅರ್ಜಿ ಅಷ್ಟು ಸುಲಭವಾಗಿ ಮರೆಯಾಗದು.

ಬೆಳೆ ನಷ್ಟವಾದರೆ ಅರಣ್ಯ ಇಲಾಖೆಯಿಂದ ಪರಿಹಾರ ಧನಕ್ಕೆ ಅವಕಾಶವಿದೆ. ಹಾನಿಯಾದ ಬೆಳಿಗ್ಗೆಯೇ ತಿಳಿಸಬೇಕು. ಹೆಜ್ಜೆಯ ಗುರುತು ಅಳಿಯುವ ಮುನ್ನ ಛಾಯಾಚಿತ್ರ ತೆಗೆಯಬೇಕು. ಪಹಣಿಯ ಪ್ರತಿಯನ್ನೂ ಬ್ಯಾಂಕಿನ ಪಾಸ್‌ಪುಸ್ತಕವನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು. ತಂದೆಯ ಹೆಸರಿನಲ್ಲಿಯೇ ಉಳಿದಿರುವ ಪಹಣಿಯಿಂದಾಗಿ ಪರಿಹಾರವು ತಡವಾಗುವುದುಂಟು. ಖಾತೆ ಬದಲಾವಣೆಯನ್ನು ಮುಂದೂಡಬಾರದು.

4. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ

ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಳ್ಳಲು ಸರ್ಕಾರವು ಲೈಸೆನ್ಸು ಕೊಡುವುದುಂಟು. ಅದಕ್ಕೆ ಫೀಜೂ ಉಂಟು. ಆ ಫೀಜು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ. ಪ್ರಾಣಿಯನ್ನು ಹೊಡೆಯುವ ಹಕ್ಕು ಅದರೊಂದಿಗೆ ಬರುವುದಿಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದಲೇ ವಿನಾಯಿತಿ ಇದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಈ ವಿನಾಯಿತಿಯೂ ಕೋವಿಗೆ ಸಂಬಂಧಿಸಿದ್ದೇ ಹೊರತು ಬೇಟೆಗಲ್ಲ.

ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಕೋವಿ ಲೈಸೆನ್ಸುದಾರರು ತಮ್ಮ ಹೆಸರನ್ನು ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಅದೇ ಕಾನೂನು ವಿಧಿಸುತ್ತದೆ. ಇದನ್ನು ತಿಳಿಯದವರೇ ಹೆಚ್ಚು. ನಿಮ್ಮ ಊರು ಆ ಎಲ್ಲೆಯೊಳಗೆ ಇದ್ದರೆ ಲೈಸೆನ್ಸಿನ ಪುಸ್ತಕವನ್ನು ಇಂದೇ ತೆಗೆದು ನೋಡಿಕೊಳ್ಳಿರಿ.

5. ತಂತಿ, ಉರುಳು, ಸಿಡಿಮದ್ದು

ಅಪ್ಪಣೆಗಾಗಿ ಕಾಯಲಾರದವನು ಹಿಡಿಯುವ ಕೆಟ್ಟ ದಾರಿಗಳು ಮೂರು. ಕಂಬದ ಲೈನಿನಿಂದ ನೇರವಾಗಿ ಬೇಲಿಗೆ ವಿದ್ಯುತ್ತನ್ನು ಹರಿಸುವುದು ಇವುಗಳಲ್ಲಿ ಅತ್ಯಂತ ಭಯಂಕರವಾದುದು. ತಂತಿಗೆ ಹಂದಿ ಯಾವುದು, ಆನೆ ಯಾವುದು, ಮುಂಜಾನೆ ನೀರು ಕಟ್ಟಲು ಬಂದ ಮಗನು ಯಾರು ಎಂಬುದು ತಿಳಿಯದು. ಇಂಥ ಬೇಲಿಯನ್ನು ತಾನೇ ಕಟ್ಟಿ ತಾನೇ ಮರೆತು ಮುಟ್ಟಿ ಸತ್ತವರೂ ಉಂಟು. ಹಂದಿಗೆ ಕಟ್ಟಿದ ಉರುಳಿಗೆ ಚಿರತೆಯು ಸಿಕ್ಕಿಬಿದ್ದರೆ ರೈತನು ಒಂದನೆಯ ಪಟ್ಟಿಯ ಅಪರಾಧಿಯಾಗುತ್ತಾನೆ. ಹಿಟ್ಟಿನ ಉಂಡೆಯಲ್ಲಿ ಅಡಗಿಸಿದ ಸಿಡಿಮದ್ದನ್ನು ಮೇಯಲು ಹೋದ ಹಸುವು ಕಚ್ಚಿದರೆ ದವಡೆಯೇ ಹಾರಿಹೋಗುತ್ತದೆ.

ಇವುಗಳಿಗೆ ಬದಲಾಗಿ ಸೌರಶಕ್ತಿಯ ಬೇಲಿಯು ಉತ್ತಮವಾದುದು. ಅದರ ಯಂತ್ರವು ವಿದ್ಯುತ್ತನ್ನು ಕ್ಷಣಮಾತ್ರದ ತುಡಿತಗಳಾಗಿ ಕಳುಹಿಸುವುದರಿಂದ ಪ್ರಾಣಿಯು ಬೆದರಿ ಹಿಂದಿರುಗುತ್ತದೆ, ಸಾಯುವುದಿಲ್ಲ. ಬೇಲಿಯ ಬುಡದ ಹುಲ್ಲು ತಂತಿಗೆ ತಗುಲಿದರೆ ತುಡಿತವು ನೆಲಕ್ಕೆ ಹರಿದು ಬೇಲಿಯು ನಿರುಪಯುಕ್ತವಾಗುತ್ತದೆ. ಆದ್ದರಿಂದ ಕಳೆಯನ್ನು ಆಗಾಗ್ಗೆ ಸವರುತ್ತಿರಬೇಕು. ಅಕ್ಕಪಕ್ಕದ ಹತ್ತು ಹಿಡುವಳಿಗಳವರು ಸೇರಿ ಒಂದೇ ಬೇಲಿ ಹಾಕಿದರೆ ಖರ್ಚೂ ಕಡಿಮೆ, ಕಾವಲೂ ಸುಲಭ.

6. ಮೀನಿನ ವಿಚಾರ

ಮೀನು ಹಿಡಿಯುವುದು ಬೇಟೆಯಂತೆ ಪೂರ್ತಿಯಾಗಿ ನಿಂತಿಲ್ಲ. ಆದರೆ ನೀರು ಎಲ್ಲರದೆಂದು ಮೀನೂ ಎಲ್ಲರದೆಂದು ತಿಳಿಯಬಾರದು. ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆಗೋ ಹರಾಜಿಗೋ ಕೊಟ್ಟಿರುತ್ತಾರೆ. ಗುತ್ತಿಗೆ ಹಣವನ್ನು ಕಟ್ಟಿ ಮರಿಗಳನ್ನು ಬಿಟ್ಟ ಬೆಸ್ತರ ಸಂಘದ ಅನುಮತಿಯಿಲ್ಲದೆ ವಿನೋದಕ್ಕೆ ಗಾಳ ಹಾಕುವುದು ಅವರ ಅನ್ನಕ್ಕೆ ಕೈಹಾಕಿದಂತೆ. ಹೊಳೆಯಲ್ಲಿಯೂ ಜಲಾಶಯದಲ್ಲಿಯೂ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಲೈಸೆನ್ಸನ್ನು ಪಡೆದೇ ಹಿಡಿಯತಕ್ಕದ್ದು. ಸಿಡಿಮದ್ದು ಎಸೆಯುವುದೂ ಕಾರೆಕಾಯಿ, ಬ್ಲೀಚಿಂಗ್ ಪುಡಿ ಅಥವಾ ಕೀಟನಾಶಕವನ್ನು ನೀರಿಗೆ ಕಲಸುವುದೂ ಲೈಸೆನ್ಸು ಇದ್ದವನಿಗೂ ನಿಷಿದ್ಧ. ಕರ್ನಾಟಕದ ಒಳನಾಡು ಮೀನುಗಾರಿಕೆಯ 1996ರ ಕಾನೂನು ಇವನ್ನೆಲ್ಲ ತಡೆಯುತ್ತದೆ.

ಹಣ ಕಟ್ಟಿದ ಮಾತ್ರಕ್ಕೆ ನೀರಿನ ಸಂಪತ್ತು ಉಳಿಯುವುದಿಲ್ಲವೆಂಬುದಕ್ಕೆ ನಮ್ಮ ಕಾವೇರಿಯ ಬಿಳಿಮೀನೇ ದೃಷ್ಟಾಂತ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಗಾಳದಿಂದ ಹಿಡಿದ ಬಿಳಿಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಇಂದು ಆ ಜಾತಿಯೇ ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಇವು ಒಂದು ಕಡೆ. 1970ರ ದಶಕದಿಂದ ಒಳ್ಳೆಯ ಉದ್ದೇಶದಿಂದಲೇ ತಂದು ಬಿಟ್ಟ ಬೇರೆ ಜಾತಿಯ ಮರಿಗಳು ಇನ್ನೊಂದು ಕಡೆ ಅದನ್ನು ಒತ್ತಿದವು. ಭೀಮೇಶ್ವರಿಯ ಸುತ್ತ ಫೀಜು ತೆಗೆದುಕೊಂಡು ಹಿಡಿದು ಬಿಡುವ ಗಾಳದ ವಿನೋದವು ನಡೆಯುತ್ತಿದ್ದು, ಆ ಭಾಗವು ಅಭಯಾರಣ್ಯವಾದುದರಿಂದ 2012ರ ಹೊತ್ತಿಗೆ ಅದೂ ನಿಂತಿತು. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳೆಂದು ಜನರೇ ಕಾಪಾಡಿಕೊಂಡು ಬಂದಿದ್ದಾರೆ. ಊರು ಮನಸ್ಸು ಮಾಡಿದರೆ ಏನಾಗಬಹುದೆಂಬುದನ್ನು ಅಲ್ಲಿ ಕಾಣಬಹುದು.

7. ಮುಖಂಡರ ಕರ್ತವ್ಯ

ಪಟೇಲರಿದ್ದ ಕಾಲದಲ್ಲಿ ಊರಿಗೆ ಕೋವಿ ಹಿಡಿದು ಬಂದವನನ್ನು ಅವರು ವಿಚಾರಿಸುತ್ತಿದ್ದರು. ಈಗ ಆ ಹೊಣೆಯು ಪಂಚಾಯಿತಿಯ ಅಧ್ಯಕ್ಷರು, ಸದಸ್ಯರು ಮತ್ತು ಊರಿನ ಹಿರಿಯರ ಮೇಲಿದೆ. ಪಟ್ಟಣದಿಂದ ಗಾಡಿಯಲ್ಲಿ ಬರುವ ಷೋಕಿಯವರು “ನಿಮ್ಮ ಹಂದಿಯ ಕಾಟವನ್ನು ನಾವು ನಿವಾರಿಸುತ್ತೇವೆ” ಎಂದು ಹೇಳಿ, ಮಾಂಸವನ್ನು ಕೊಂಡೊಯ್ದು, ಮೊಕದ್ದಮೆಯನ್ನು ಹೊಲದ ಯಜಮಾನನ ತಲೆಗೆ ಬಿಟ್ಟು ಹೋಗುತ್ತಾರೆ. ಮುಖಂಡರೇ ಅವರಿಗೆ ದಾರಿ ತೋರಿಸಿದರೆ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗುತ್ತದೆ.

ಸಾರಾಂಶ: ವಿನೋದದ ಬೇಟೆಗೆ ಫೀಜಿಲ್ಲ, ಅಪ್ಪಣೆಯೂ ಇಲ್ಲ. ಬೆಳೆಯ ರಕ್ಷಣೆಗೆ ಅಪ್ಪಣೆಯುಂಟು. ಅದು ಬರಹದಲ್ಲಿರಬೇಕು, ಮುಂಚಿತವಾಗಿ ಕೈಯಲ್ಲಿರಬೇಕು. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಮೀನಿಗೆ ಅನುಮತಿ ಬೇಕು, ಮದ್ದು ಕೂಡದು. ನಷ್ಟವಾದ ಬೆಳಿಗ್ಗೆಯೇ ಅರ್ಜಿ ಕೊಡಬೇಕು.

ಓದಲು ಬಾರದ ನೆರೆಯವರಿಗೆ ಈ ಪತ್ರವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ಕೋರುತ್ತೇನೆ. ಈ ಸುಗ್ಗಿಯಲ್ಲಿ ಒಂದು ಹೊಲದ ಬೇಲಿಯಿಂದಾದರೂ ಕಳ್ಳತಂತಿಯು ಕೆಳಗಿಳಿದರೆ ಬರೆದ ಶ್ರಮವು ಸಾರ್ಥಕ.