ಕಾಡಿನೊಳಗೆ ಮನೆ: ಹಿರಿಯರ ನಕ್ಷೆ, ಇಂದಿನ ಲೆಕ್ಕ

ನಮ್ಮ ಜಿಲ್ಲೆಯ ಸಣ್ಣ ಹಿಡುವಳಿಗಳಲ್ಲಿ ಮನೆಗಳ ಸಂಖ್ಯೆ ಹೆಚ್ಚುತ್ತಿದೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮಕ್ಕಳು ಬೇರೆ ಮನೆ ಬೇಕೆನ್ನುತ್ತಾರೆ, ಹೊರಗಿನವರು ನಿವೇಶನಕ್ಕೆಂದು ತೋಟ ಕೇಳಿಕೊಂಡು ಬರುತ್ತಾರೆ. ಮನೆ ಬೇಡವೆನ್ನಲು ಯಾರಿಗೂ ಆಗದು. ಆದರೆ ನೆರಳು ಮರ, ತೋಡಿನ ನೀರು ಮತ್ತು ಬೆಟ್ಟದ ಮಣ್ಣು ಈ ಮೂರನ್ನೂ ಉಳಿಸಿಕೊಂಡು ಮನೆ ಕಟ್ಟುವುದು ಹೇಗೆ ಎಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರಬೇಕು.

1. ಹಿರಿಯರು ಊರು ಕಟ್ಟಿದ ಕ್ರಮ

ಕಾಡಿನ ನಡುವೆ ಜನವಸತಿ ಕೊಡಗಿಗೆ ಹೊಸದಲ್ಲ. ಹಳೆಯ ಐನ್‌ಮನೆಗಳು ಇರುವ ಜಾಗವನ್ನು ಗಮನಿಸಿ ನೋಡಿರಿ. ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿನಿಂದ ತುಸು ಮೇಲೆ ಗಟ್ಟಿ ನೆಲದಲ್ಲಿ ಮನೆ, ಮನೆಯ ಮೇಲ್ಗಡೆ ಬಾಣೆ. ಬಾಣೆಯೆಂದರೆ ಗದ್ದೆಯ ವರ್ಗಕ್ಕೆ ಸೇರಿದ ಕಾಡು. ಸೌದೆ, ಸೊಪ್ಪಿನ ಗೊಬ್ಬರ, ದನದ ಮೇವು, ಮನೆಗೆ ಬೇಕಾದ ಮರಮಟ್ಟು ಅಲ್ಲಿಂದ ಬರಬೇಕೆಂದೇ ಅದನ್ನು ಕೊಟ್ಟಿದ್ದರು. ಒಂದು ಒಕ್ಕದವರೆಲ್ಲ ಒಂದೇ ಸೂರಿನಡಿ ಇದ್ದುದರಿಂದ ಒಂದು ಅಂಗಳ, ಒಂದು ಬಾವಿ, ಒಂದು ಓಣಿ ಸಾಕಾಗುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಮರ ನಿಂತಿತ್ತು, ಮನೆ ನಿಲ್ಲುತ್ತಿರಲಿಲ್ಲ.

ಇದಕ್ಕೆ ಮೇಲಾಗಿ ಊರಿಗೊಂದು ದೇವರಕಾಡು. ಕೊಡಗಿನಲ್ಲಿ 1,214 ದೇವರಕಾಡುಗಳು ದಾಖಲೆಯಲ್ಲಿವೆ. ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. ಕೊಡಲಿ ಹಾಕಬಾರದೆಂಬ ಕಟ್ಟುಪಾಡಿನಿಂದ ಉಳಿದ ಈ ತುಂಡು ಕಾಡುಗಳು ಹತ್ತಿರದ ತೋಟಗಳಿಗೆ ನೀರು, ಹಕ್ಕಿ, ಜೇನು ಎಲ್ಲವನ್ನೂ ಒದಗಿಸುತ್ತಿವೆ. ಅಂಚಿನಲ್ಲಿ ಒತ್ತುವರಿಯಾಗಿ ಇವುಗಳ ವಿಸ್ತೀರ್ಣ ಕುಗ್ಗಿದೆಯೆಂಬುದೂ ನಮಗೆ ಗೊತ್ತಿರುವ ಸಂಗತಿಯೇ.

2. ಕಾಡು ಮರಳಿ ಬಂದ ಒಂದು ಉದಾಹರಣೆ

ಬ್ರಹ್ಮಗಿರಿ ವನ್ಯಧಾಮದ ಅಂಚಿನ ತೆರಾಲು ಗ್ರಾಮದಲ್ಲಿ 1991ರಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿಗಳು 55 ಎಕರೆ ಜಮೀನು ಕೊಂಡರು. ಕ್ರಮೇಣ ಸುತ್ತಲಿನ ಪಾಳುಬಿದ್ದ ತೋಟಗಳನ್ನೂ ಸೇರಿಸಿ ಸುಮಾರು 300 ಎಕರೆ ಮಾಡಿ ಕಾಡು ಬೆಳೆಯಲು ಬಿಟ್ಟರು. ಸಾಯಿ ಸ್ಯಾಂಕ್ಚುಯರಿ ಎಂದು ಇದು ಹೆಸರಾಗಿದೆ. ಪಾಳು ಜಮೀನು ಕೂಡ ಕಡಿಯದೆ ಬಿಟ್ಟರೆ ಮಳೆಕಾಡಾಗುತ್ತದೆಂದು ಇದರಿಂದ ಕಲಿಯಬಹುದು. ಆದರೆ ಐದು ಎಕರೆಯವನು ತೋಟವನ್ನು ಕಾಡಿಗೆ ಬಿಟ್ಟು ಬದುಕಲಾರ. ಅವನಿಂದ ಆಗುವ ಕೆಲಸ ಬೇರೆ: ಮನೆಗೆ ತೆಗೆದುಕೊಳ್ಳುವ ನೆಲವನ್ನು ಆದಷ್ಟು ಕಡಿಮೆ ಮಾಡಿ ಉಳಿದುದನ್ನು ಮರದ ನೆರಳಿನಲ್ಲೇ ಇಡುವುದು.

3. ಬೆಟ್ಟ ಕಲಿಸಿದ ಪಾಠ

2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಮೊದಲಾದ ಕಡೆ ಗುಡ್ಡಗಳು ಕುಸಿದುವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ. ಮಳೆ ವಿಪರೀತವಾಗಿತ್ತು, ನಿಜ. ಆದರೆ ಮನೆಗೂ ರಸ್ತೆಗೂ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದೂ, ಸಹಜವಾಗಿ ನೀರು ಹರಿಯುವ ದಾರಿ ಕಟ್ಟಿಹೋದದ್ದೂ ಕುಸಿತಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಮನೆಮಠ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಬಡಾವಣೆಗಳಾದುವು. ಮನೆ ಸಿಕ್ಕಿತೆಂದರೂ ಕೊಚ್ಚಿಹೋದ ತೋಟದ ಮಣ್ಣು ಮರಳಿ ಬರಲಿಲ್ಲ.

ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಆಳಕ್ಕೆ ಬೇರು ಬಿಟ್ಟ ಮರಗಳನ್ನು ತೆಗೆದರೆ ಹಿಡಿತ ಸಡಿಲವಾಗುತ್ತದೆ. ಮೇಲೆ ನಿಂತ ನೀರು ಮಣ್ಣಿನೊಳಗೆ ಇಳಿದು ಭಾರ ಹೆಚ್ಚಿಸುತ್ತದೆ. ಈ ಮೂರೂ ಒಂದೇ ಕಡೆ ಸೇರಿದರೆ ಮನೆ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

4. ಲೆಕ್ಕ ಹಾಕಿ ನೋಡೋಣ

ಐದು ಎಕರೆ ತೋಟದಲ್ಲಿ ಮೂವರು ಅಣ್ಣತಮ್ಮಂದಿರಿದ್ದಾರೆಂದು ಇಟ್ಟುಕೊಳ್ಳಿ. ಮೂವರೂ ಬೇರೆ ಬೇರೆ ಕಡೆ ಮನೆ ಕಟ್ಟಿ, ಒಬ್ಬೊಬ್ಬರು 12 ಅಡಿ ಅಗಲ, 300 ಅಡಿ ಉದ್ದದ ರಸ್ತೆ ತೆಗೆದರೆ ಒಂದು ರಸ್ತೆಗೆ 3,600 ಚದರ ಅಡಿ, ಅಂದರೆ ಎಂಟು ಸೆಂಟಿಗೂ ಹೆಚ್ಚು ಜಾಗ ಹೋಗುತ್ತದೆ. ಮೂರು ರಸ್ತೆಗೆ ಹತ್ತಿರ ಹತ್ತಿರ ಕಾಲು ಎಕರೆ. ಬರೆ ಕಡಿದ ಜಾಗ ಇದರಲ್ಲಿ ಸೇರಿಲ್ಲ. ಮೂರು ಮನೆಗಳನ್ನೂ ಒಂದೇ ಸಮತಟ್ಟಿನಲ್ಲಿ ಹತ್ತಿರ ಹತ್ತಿರ ಕಟ್ಟಿದರೆ ಒಂದು ರಸ್ತೆ, ಒಂದು ಬಾವಿ, ಒಂದು ವಿದ್ಯುತ್ ತಂತಿಯ ದಾರಿ ಸಾಕು. ಹಿರಿಯರ ಓಣಿಯ ಬುದ್ಧಿವಂತಿಕೆ ಇದೇ.

ಇನ್ನು ಮಳೆನೀರು. 1,000 ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ನೂರು ಇಂಚು ಮಳೆಯಾಗುವ ಊರಿನಲ್ಲಿ ಇದು ವರ್ಷಕ್ಕೆ 2 ಲಕ್ಷ 36 ಸಾವಿರ ಲೀಟರ್. ಇದನ್ನು ತೊಟ್ಟಿಯಲ್ಲಿ ಹಿಡಿದರೆ ಬೇಸಿಗೆಯಲ್ಲಿ ಉಪಯೋಗ. ಹಿಡಿಯದೆ ಬರೆಯ ಮೇಲೆ ಬಿಟ್ಟರೆ ಅದೇ ನೀರು ಮನೆಗೆ ಶತ್ರು.

5. ಪಾಲಿಸಬೇಕಾದ ಕ್ರಮಗಳು

(ಅ) ಕಡಿದಾದ ಇಳಿಜಾರು, ತೋಡಿನ ದಡ, ಒರತೆಯ ಜಾಗ ಇವುಗಳಲ್ಲಿ ಮನೆ ಬೇಡ. ಗದ್ದೆ ತುಂಬಿಸಿಯೂ ಕಟ್ಟಬೇಡಿ. ಮಳೆಗಾಲದಲ್ಲಿ ನೀರು ನಿಂತು ಇಂಗುವ ಜಾಗವದು.

(ಆ) ಇಳಿಜಾರಿನಲ್ಲಿ ಕಟ್ಟಲೇಬೇಕಾದರೆ ಒಂದೇ ಎತ್ತರದ ಬರೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿರಿ. ಬರೆಯ ಮೇಲ್ಭಾಗದಲ್ಲಿ ಚರಂಡಿ ತೆಗೆದು ನೀರನ್ನು ಪಕ್ಕದ ಸಹಜ ತೋಡಿಗೆ ಸೇರಿಸಿ. ಕಡಿದಾದ ಬರೆಯ ಮೇಲೆ ಇಂಗುಗುಂಡಿ ತೆಗೆಯುವುದು ಅಪಾಯ. ಅದು ಸಮತಟ್ಟಾದ ಜಾಗಕ್ಕೆ ಮಾತ್ರ.

(ಇ) ಕಕ್ಕಸು ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಅದಕ್ಕಿಂತ ಕೆಳಗಿರಲಿ. ಕಾಫಿ ಪಲ್ಪಿಂಗ್ ನೀರನ್ನು ತೋಡಿಗೆ ಬಿಡಬಾರದು. ಕೆಳಗಿನ ಅಡಿಕೆ ತೋಟದವನು ಕುಡಿಯುವುದೂ ಅದೇ ತೋಡಿನ ನೀರು.

(ಈ) ಮನೆಯ ಸುತ್ತ ಬೀಟೆ, ಹೊನ್ನೆ, ನಂದಿ, ಅತ್ತಿಯಂಥ ನಾಡ ಮರಗಳನ್ನು ಉಳಿಸಿರಿ. ಎಲ್ಲ ಕಡೆ ಸಿಲ್ವರ್ ಓಕ್ ಒಂದನ್ನೇ ನೆಟ್ಟರೆ ಅದು ಕಾಡಾಗದು. ಮನೆ ಹತ್ತಿರದ ಹಲಸು ಹಣ್ಣಾಗುವ ಮೊದಲೇ ಇಳಿಸಿಬಿಡಿ. ಹಣ್ಣಿನ ವಾಸನೆಗೆ ಆನೆ ಬರುತ್ತದೆ.

(ಉ) ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, ಭೂಪರಿವರ್ತನೆಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅನ್ವಯಿಸುತ್ತವೆ. ಜಮ್ಮಾ ಬಾಣೆಯಾದರೆ ಪಹಣಿಯನ್ನೂ ಮರಗಳ ಹಕ್ಕನ್ನೂ ಮೊದಲು ವಿಚಾರಿಸಿಕೊಂಡು ಮುಂದುವರಿಯಿರಿ.

6. ಒಬ್ಬರಿಂದಾಗದ ಕೆಲಸ

ಮೇಲಿನ ತೋಟ ನಿವೇಶನವಾದರೆ ಕೆಳಗಿನ ತೋಟಕ್ಕೆ ಕೆಸರು ಬರುತ್ತದೆ. ಆದುದರಿಂದ ಈ ವಿಷಯದಲ್ಲಿ ಬೇಲಿ ನೋಡಿ ಪ್ರಯೋಜನವಿಲ್ಲ, ತೋಡು ನೋಡಬೇಕು. ಒಂದೇ ತೋಡಿಗೆ ನೀರು ಹರಿಸುವ ಹತ್ತು ಹದಿನೈದು ಹಿಡುವಳಿದಾರರು ಒಟ್ಟಿಗೆ ಕುಳಿತು, ಮನೆಗೆ ಯಾವ ಜಾಗ, ಮರಕ್ಕೆ ಯಾವ ಜಾಗ, ದೇವರಕಾಡಿನ ಗಡಿ ಎಲ್ಲಿ ಎಂಬುದನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ತೋಟ ಮಾರಲೇಬೇಕಾಗಿ ಬಂದವರು ಮೊದಲು ನೆರೆಯ ಬೆಳೆಗಾರನನ್ನು ಕೇಳುವ ಪದ್ಧತಿಯನ್ನೂ ಇಟ್ಟುಕೊಳ್ಳಬಹುದು.

ಅಭ್ಯಾಸಕ್ಕೆ: ಮುಂದಿನ ದೊಡ್ಡ ಮಳೆಯ ದಿನ ಕೊಡೆ ಹಿಡಿದು ನಿಮ್ಮ ತೋಟ ಒಮ್ಮೆ ಸುತ್ತಿ ಬನ್ನಿ. ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಯಾವ ಬಣ್ಣದಲ್ಲಿ ಹೊರಟಿತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿರಿ. ಕೆಂಪಾಗಿ ಹರಿದ ಕಡೆ ಮರ ನೆಡಬೇಕು. ಮನೆಯ ಜಾಗ ಆರಿಸುವುದು ಆ ಹಾಳೆಯನ್ನು ನೋಡಿದ ಮೇಲೆ.