ದೂರದಿಂದ ಮನೆಯ ಕ್ಯಾಮೆರಾ ಕಾಣದಿದ್ದಾಗ

ಪ್ರಶ್ನೆ: ಊರಿನ ಮನೆಯ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದೇನೆ. ಮನೆಯ ವೈಫೈಯಲ್ಲಿ ಕ್ಯಾಮೆರಾ ಕಾಣುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಮನೆಯೊಳಗೆ ದೃಶ್ಯವು ನಿರಾತಂಕವಾಗಿ ತೋರುತ್ತಿರುವುದರಿಂದ, ದೋಷವನ್ನು ಅರಸಬೇಕಾದುದು ರೂಟರಿನಲ್ಲಿ, ಇಲ್ಲವೇ ಅದರಿಂದಾಚೆಗೆ. ರೂಟರಿನ ಪುಟದಲ್ಲಿ ವ್ಯಾನ್ ಐಪಿ ಎಂದು ನಮೂದಾಗಿರುವ ವಿಳಾಸವನ್ನೂ, ಮನೆಯ ಸಂಪರ್ಕದಿಂದಲೇ ಐಪಿ ತಿಳಿಸುವ ಜಾಲತಾಣವೊಂದು ತೋರುವ ವಿಳಾಸವನ್ನೂ ಮೊದಲು ಹೋಲಿಸಿ ನೋಡತಕ್ಕದ್ದು. ಅವೆರಡೂ ಭಿನ್ನವಾಗಿದ್ದು, ರೂಟರಿನದು 100.64ರಿಂದ 100.127ರವರೆಗಿನ ಶ್ರೇಣಿಗೆ ಸೇರಿದ್ದರೆ, ಸೇವಾದಾತರು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸಿರುವರೆಂದೇ ತಿಳಿಯಬೇಕು. ಆ ಶ್ರೇಣಿಯು 2012ರಲ್ಲಿ ಈ ಉದ್ದೇಶಕ್ಕೆಂದೇ ಮೀಸಲಾದುದು. ಆಗ ತಾವು ರೂಟರಿನಲ್ಲಿ ಎಷ್ಟು ಪೋರ್ಟುಗಳನ್ನು ತೆರೆದರೂ, ಹೆಬ್ಬಾಗಿಲಿಗೆ ಅಗುಳಿ ಹಾಕಿರುವಾಗ ಕೋಣೆಯ ಕದ ತೆರೆದಿಟ್ಟಂತೆ, ಅದು ನಿಷ್ಫಲವೇ ಸರಿ. ಸಾರ್ವಜನಿಕ ಸ್ಥಿರ ಐಪಿಯನ್ನು ಸೇವಾದಾತರಿಂದ ಕೇಳಿ ಪಡೆಯುವುದು ಇದಕ್ಕೆ ಪರಿಹಾರ. ರೂಟರಿನ ವಿಳಾಸವು 192.168 ಎಂದು ಮೊದಲಾಗುತ್ತಿದ್ದರೆ, ಅದರ ಮುಂದಿರುವ ಮೋಡೆಮ್ಮೇ ಮತ್ತೊಂದು ರೂಟರಾಗಿ ವರ್ತಿಸುತ್ತಿರುವುದು ಸಂಭವನೀಯ. ಅದನ್ನು ಬ್ರಿಡ್ಜ್ ಮೋಡಿಗೆ ತರಬೇಕು.

ವಿಳಾಸಗಳೆರಡೂ ಒಂದೇ ಆಗಿದ್ದಲ್ಲಿ, ಕ್ಯಾಮೆರಾದ ಒಳವಿಳಾಸವು ಬದಲಾಗಿರಬಹುದಾದ್ದರಿಂದ, ಅದನ್ನು ರೂಟರಿನ ಡಿಎಚ್‌ಸಿಪಿ ವಿಭಾಗದಲ್ಲಿ ಕಾಯ್ದಿರಿಸಿ, ಪೋರ್ಟ್ ಫಾರ್ವರ್ಡಿಂಗ್ ನಿಯಮವನ್ನು ಆ ವಿಳಾಸಕ್ಕೇ ಜೋಡಿಸಿರಿ. ಪರೀಕ್ಷೆಯನ್ನು ಮೊಬೈಲ್ ಡೇಟಾದಿಂದಲೇ ಮಾಡತಕ್ಕದ್ದು. ಏಕೆಂದರೆ ಹೊರವಿಳಾಸಕ್ಕೆ ಒಳಗಿನಿಂದ ಹೋದ ಕೋರಿಕೆಯನ್ನು ಕೆಲವು ರೂಟರುಗಳು ಹಿಂದಿರುಗಿಸವು.

ಆದರೂ ಕ್ಯಾಮೆರಾದ 554ನೆಯ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡುವುದು ವಿಹಿತವಲ್ಲ. ರೂಟರಿನಲ್ಲಿ ವೈರ್‌ಗಾರ್ಡ್‌ನಂಥ ವಿಪಿಎನ್ ಸೌಲಭ್ಯವಿದ್ದರೆ ಅದರ ಮೂಲಕವೇ ಪ್ರವೇಶಿಸಿರಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಇಂದೇ ಬದಲಿಸಿರಿ.